ಊರಿನ ಹೆಸರಿಗೆ ಎದ್ದವನು

“ಬುದ್ಧೀ, ನಾಳೆ ನನಗೆ ಪಟ್ಟ. ಆಮೇಲೆ ಎಲ್ಲರೂ ನನ್ನನ್ನು ನೀರಲಕಟ್ಟೆ ಸ್ವಾಮಿಗಳು ಅಂತಾರೆ. ನಮ್ಮವ್ವ ಒಬ್ಬಳು ಮಾತ್ರ ಹಳೇ ಹೆಸರು ಹಿಡಿದೇ ಕೂಗ್ತಾಳೆ, ಎಷ್ಟು ಹೇಳಿದರೂ ಕೇಳಲ್ಲ. ನಾನು ಓಗೊಡಬೇಕೋ, ಬೇಡವೋ?” ಎಂದು ಶಿಷ್ಯ ಕೇಳಿದ.

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದರು.

ಇಂಗ್ಲೆಂಡಿನ ಕಡಲ ದಂಡೆಯಲ್ಲಿ ಮೆಲ್ಬಿ ಎಂಬ ಸಣ್ಣ ಊರು. ಅಲ್ಲೊಬ್ಬ ಹುಡುಗ, ವಿಲ್ಫ್ರೆಡ್. ತಂದೆತಾಯಿ ಇರಲಿಲ್ಲ. ಅಕ್ಕ ಬಂದರಿನಲ್ಲಿ ಮೀನು ಸೀಳುವ ಕೆಲಸ ಮಾಡಿ ಅವನನ್ನು ಸಾಕಿದಳು. ವಿಲ್ಫೀ ಎಂದು ಕರೆಯುತ್ತಿದ್ದಳು. ಹುಡುಗನಿಗೆ ಒಳ್ಳೆಯ ಗಂಟಲಿತ್ತು. ಮೀನಿನ ಹರಾಜು ಕೂಗುವ ಕೆಲಸ ಸಿಕ್ಕಿತು. ಹರಾಜು ಕೂಗುತ್ತಲೇ ಬೆಸ್ತರ ಸಂಘದ ಪರವಾಗಿ ಮಾತಾಡಿದ. ಮಾತಾಡುತ್ತಾ ಮಾತಾಡುತ್ತಾ ಚುನಾವಣೆಗೆ ನಿಂತ, ಗೆದ್ದ, ಲಂಡನ್ನಿನ ಪಾರ್ಲಿಮೆಂಟಿಗೆ ಹೋದ. ಗಂಟಲೊಂದಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು, ನೋಡು.

ಆ ಸಭೆಯದೊಂದು ಪದ್ಧತಿ. ಚರ್ಚೆಯಲ್ಲಿ ಒಬ್ಬ ಸದಸ್ಯ ಇನ್ನೊಬ್ಬನ ಹೆಸರು ಎತ್ತುವಂತಿಲ್ಲ. ಅವನ ಊರಿನ ಹೆಸರು ಹೇಳಬೇಕು. “ಮೆಲ್ಬಿಯ ಮಾನ್ಯ ಸದಸ್ಯರು” ಎಂದು ಯಾರೋ ಮೊದಲ ಸಲ ಅಂದಾಗ ಅವನು ಎದ್ದು ನಿಂತ. ತನ್ನ ಜೊತೆ ಊರಿಗೆ ಊರೇ ಎದ್ದು ನಿಂತಿದೆ ಅನ್ನಿಸಿತು. ಸಂತೋಷಕ್ಕೆ ಕಣ್ಣು ತುಂಬಿತು.

ವರ್ಷಗಳು ಕಳೆದವು. ಮೆಲ್ಬಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವನ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ಬರುಬರುತ್ತಾ ತಾನೇ ಮೆಲ್ಬಿ ಅನ್ನಿಸತೊಡಗಿತು. ಊರಿಗೆ ಹೋಗುವುದು ಕಡಿಮೆಯಾಯಿತು. ತನ್ನನ್ನು ತಾನು ನೋಡಲು ಯಾರು ಅಷ್ಟು ದೂರ ಪ್ರಯಾಣ ಮಾಡುತ್ತಾರೆ?

ಒಂದು ದಿನ ಸುದ್ದಿ ಬಂತು. ಅಕ್ಕನ ಎದೆ ಸೋತಿದೆ, ಉಳಿಯುವ ಹಾಗಿಲ್ಲ, ಬೇಗ ಬಾ.

ಅವನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬೇಡ. ಕೂಡಲೇ ರೈಲು ಹತ್ತಿದ. ದಾರಿಯುದ್ದಕ್ಕೂ ಅತ್ತ. ಕಿಟಕಿಯಾಚೆ ಬರೀ ಮಂಜು, ನೆಲವೂ ಇಲ್ಲ, ಆಕಾಶವೂ ಇಲ್ಲ. ಅತ್ತು ಅತ್ತು ತೂಕಡಿಕೆ ಬಂತು. ಅರೆನಿದ್ದೆಯಲ್ಲಿ ರೈಲಿನ ಬೆಂಚು ಸಭೆಯ ಬೆಂಚಾಯಿತು. ಎದುರಿಗೆ ಕೂತವರೆಲ್ಲ ಸದಸ್ಯರಾದರು.

ರೈಲು ನಿಂತಿತು. “ಮೆಲ್ಬಿ! ಮೆಲ್ಬಿ!” ಎಂದು ಗಾರ್ಡು ಕೂಗಿದ.

ಅವನು ಎದ್ದು ನಿಂತ. ಕೋಟು ಸರಿಪಡಿಸಿಕೊಂಡ. “ಮಾನ್ಯ ಸಭಾಧ್ಯಕ್ಷರೇ” ಎಂದು ಶುರುಮಾಡಿದ. ತನ್ನ ಊರಿನ ಬಂದರಿಗೆ ತಡೆಗೋಡೆ ಬೇಕೆಂದು ಬಹಳ ಚೆನ್ನಾಗಿ ಮಾತಾಡಿದ. ಪ್ರಯಾಣಿಕರು ಬೆರಗಾಗಿ ಕೇಳಿದರು.

ಹೊರಗೆ, ಪ್ಲಾಟ್‌ಫಾರಮ್ಮಿನ ಮೇಲೆ, ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಬೇಡವೆಂದರೂ ಕೇಳದೆ ನೆರೆಯವರಿಂದ ಹೊರಿಸಿಕೊಂಡು ಬಂದಿದ್ದಳು. “ಮಂಜಿನಲ್ಲಿ ಅವನಿಗೆ ದಾರಿ ತಿಳಿಯಲ್ಲ, ನಾನೇ ಕರೀಬೇಕು” ಎಂದಿದ್ದಳು. ಅವನು ಚಿಕ್ಕವನಿದ್ದಾಗ ಮಂಜು ಕವಿದರೆ ದಂಡೆಯಲ್ಲಿ ನಿಂತು ಹಾಗೆಯೇ ಕರೆಯುತ್ತಿದ್ದಳು. ಅವನು ದನಿಯ ಜಾಡು ಹಿಡಿದು ಮನೆ ಸೇರುತ್ತಿದ್ದ. ಈಗಲೂ ಅವಳಿಗೆ ರೈಲು ಕಾಣಲಿಲ್ಲ, ಅದರ ಸದ್ದಷ್ಟೇ ಕೇಳಿತು. “ವಿಲ್ಫೀ, ವಿಲ್ಫೀ” ಎಂದು ಉಸಿರಿರುವಷ್ಟೂ ಕರೆದಳು.

ಆ ಕೂಗು ಒಳಗೆ ಅವನ ಕಿವಿಗೂ ಬಿತ್ತು. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವನು ಮಾತು ಮುಂದುವರಿಸಿದ. ರೈಲು ಹೊರಟಿತು.

ಗುರುಗಳು ಕಣ್ಣು ತೆರೆದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ಸು ಬಂದ ತಾನೇ, ಬುದ್ಧೀ?”

“ಬಂದ ಮರೀ, ಅಷ್ಟು ಹೊತ್ತಿಗೆ ಅವನನ್ನು ವಿಲ್ಫೀ ಅನ್ನುವವರು ಯಾರೂ ಉಳಿದಿರಲಿಲ್ಲ.”