ಚಿಪ್ಪಿನ ಚೂರು ಮತ್ತು ಹುಳಿ ಹನಿ

ಮೀನಿನ ತೊಟ್ಟಿಗೆ ಹಾಕಲು ಕುಮುದಾ ಬಕೆಟ್ಟಿನಲ್ಲಿ ಹೊಳೆಮರಳು ತೊಳೆದಿಟ್ಟಿದ್ದಳು. ಅದರೊಳಗೆ ಒಂದು ಚಿಪ್ಪಿನ ಚೂರು ನಡುಗುತ್ತಿತ್ತು.

"ಯಾಕೆ ನಡುಗುತ್ತೀಯ?" ಎಂದು ಪಕ್ಕದ ಮರಳಿನ ಕಣ ಕೇಳಿತು.

"ಮರಳನ್ನು ಪರೀಕ್ಷಿಸಲು ಅವಳು ಕೈಯಲ್ಲಿ ವಿನೆಗರ್ ಹಿಡಿದಿದ್ದಾಳೆ. ನನ್ನ ಮೈಯೆಲ್ಲ ಸುಣ್ಣ. ಆ ಹುಳಿ ತಾಗಿದರೆ ನೊರೆ ಏಳುತ್ತದೆ. ಸುಣ್ಣದ ನೀರು ಅವಳ ಮೀನಿಗೆ ಆಗುವುದಿಲ್ಲ. ಗೊತ್ತಾದರೆ ನನ್ನನ್ನು ಬೀದಿಗೆ ಎಸೆಯುತ್ತಾಳೆ."

ಕಣಕ್ಕೂ ಭಯ ಹತ್ತಿತು. ನೊರೆ ಕಂಡರೆ ಅವಳು ಇಡೀ ಬಕೆಟ್ಟನ್ನೇ ಚೆಲ್ಲಿಬಿಟ್ಟಾಳು. "ನನ್ನ ಕೆಳಗೆ ನುಸುಳು. ಉಸಿರೆತ್ತಬೇಡ" ಎಂದಿತು. ಬಕೆಟ್ಟಿನಲ್ಲಿ ಅಂಥ ಚೂರುಗಳು ಇನ್ನೂ ಎಷ್ಟೋ ಇದ್ದವು. ಒಂದೊಂದನ್ನೂ ಒಂದೊಂದು ಕಣ ಹೀಗೆಯೇ ಅಡಗಿಸಿತು.

ಹನಿಗಳು ಮೇಲಿನ ಮರಳಿಗೆ ಬಿದ್ದವು. ನೊರೆ ಏಳಲಿಲ್ಲ.

"ಒಳ್ಳೆ ಮರಳೇ ಸಿಕ್ಕಿದೆ" ಎಂದುಕೊಂಡು ಕುಮುದಾ ಅದನ್ನು ತೊಟ್ಟಿಗೆ ಸುರಿದಳು, ನೀರು ತುಂಬಿದಳು, ಮೀನು ಬಿಟ್ಟಳು.

ಕೆಲವು ವಾರಗಳಲ್ಲಿ ಮೀನು ಮೇಲೆ ಹೋಗಿ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಕೆಳಗೆ ಚಿಪ್ಪಿನ ಚೂರು ನೀರಿನಲ್ಲಿ ಕರಗಿ ಸವೆದು ತೆಳ್ಳಗಾಗಿತ್ತು. ಆಗಲೂ ಅದು ನಡುಗುತ್ತಿತ್ತು.

"ಪರೀಕ್ಷೆ ಮುಗಿಯಿತಲ್ಲ, ಇನ್ನೇನು ಹೆದರಿಕೆ?" ಎಂದಿತು ಕಣ.

"ಹುಳಿ ಒಂದೇ ಸಲ ಕೇಳಿತ್ತು, ತಪ್ಪಿಸಿಕೊಂಡೆ. ಈ ನೀರು ಹಗಲೂ ರಾತ್ರಿಯೂ ಕೇಳುತ್ತಲೇ ಇದೆ. ನಾನು ಸ್ವಲ್ಪ ಸ್ವಲ್ಪವಾಗಿ ಹೇಳುತ್ತಲೇ ಇದ್ದೇನೆ."