ಸ್ಟೇರಿಂಗ್ ಬಿಡಿಸಿದ ಬಳೆಗಾರ

"ಕೇಳ್ರಪ್ಪೋ ಕೇಳಿ! ಕಡುವಳ್ಳಿ ಮಹಾಸ್ವಾಮಿಯವರ ಹಳೇ ಮೋಟಾರು ಕಾರಿನ ಸ್ಟೇರಿಂಗ್ ಚಕ್ರ ಅದರ ದಂಡಕ್ಕೆ ಕಚ್ಚಿಕೊಂಡು ಕೂತಿದೆ! ಮುರಿಯದೆ ಬಿಡಿಸಿದವನಿಗೆ ಬೇಡಿದ್ದು ಸಿಕ್ಕೀತು, ಬೇಕೆಂದರೆ ರಾಜಕುಮಾರಿ ಅಮ್ಮಣ್ಣಿಯವರನ್ನೇ ಕೊಟ್ಟು ಮದುವೆ! ಮುಟ್ಟುವ ಮೊದಲು ಅಮ್ಮಣ್ಣಿಯವರ ಮೂರು ಒಗಟಿಗೆ ಉತ್ತರ ಹೇಳಬೇಕು, ತಪ್ಪಿದವನ ತಲೆ ಉಳಿಯದು! ಅಮಾವಾಸ್ಯೆಯೊಳಗೆ ಚಕ್ರ ಬಾರದಿದ್ದರೆ ಡ್ರೈವರ್ ಕರಿಸಿದ್ದನ ತಲೆಯೂ ಹೋದೀತು!"

ಡಂಗುರ ಪೇಟೆಬೀದಿಗೆ ಬಂದಾಗ ಬಳೆಗಾರ ಮುದ್ದಯ್ಯ ಒಬ್ಬ ಹೆಂಗಸಿಗೆ ಬಳೆ ತೊಡಿಸುತ್ತಿದ್ದ. ಕರಿಸಿದ್ದ ಬೇರೆ ಯಾರೂ ಅಲ್ಲ, ಅವನ ಅಕ್ಕ ಚಂದವ್ವನ ಗಂಡ. ಅಯ್ಯೋ ಶಿವನೇ, ನಾನೇ ತೊಡಿಸಿದ ಬಳೆಯನ್ನು ನಾಳೆ ಅಕ್ಕನ ಕೈಯಲ್ಲಿ ಒಡೆಯುತ್ತಾರಲ್ಲ ಎಂದುಕೊಂಡ. ಬಳೆಯ ಮಲಾರ ಹೆಗಲಿಗೇರಿಸಿ, ಯಾರಿಗೂ ಹೇಳದೆ ಅರಮನೆಯ ದಾರಿ ಹಿಡಿದ.

ಆದದ್ದಿಷ್ಟು. ಆ ಕಾರು ತೀರಿಕೊಂಡ ರಾಣಿಯವರದ್ದು. ರಾಜ ತಾನೇ ಓಡಿಸುತ್ತೇನೆಂದು ಕೂತ, ಕಾರು ತಿರುಗದೆ ಆನೆಲಾಯದ ಗೋಡೆಗೆ ಹೋಗಿ ಗುದ್ದಿತು. ತಪ್ಪೆಲ್ಲ ಡ್ರೈವರನ ತಲೆಗೆ ಬಂತು. ಚಕ್ರ ಹೊರಬಾರದೆ ಒಳಗಿನ ರಿಪೇರಿ ಆಗುವಂತಿಲ್ಲ. ಮೊದಲು ಬಂದವರು ಸುತ್ತಿಗೆಯಲ್ಲಿ ಬಡಿದು ಚಕ್ರಕ್ಕೆ ಸೀಳು ಬಿಡಿಸಿದ್ದರಿಂದ, ಬಲ್ಲವರಷ್ಟೇ ಮುಟ್ಟಲೆಂದು ಅಮ್ಮಣ್ಣಿ ಒಗಟು ಹಿಡಿದು ಕೂತಳು. ಬಿಡಿಸುವ ಉಪಾಯವೆಲ್ಲ ಅವಳಿಗೆ ಗೊತ್ತಿತ್ತು, ಆದರೆ ಅರಸುಮಗಳು ಎಣ್ಣೆಮಸಿ ಮುಟ್ಟಕೂಡದೆಂದು ಅಪ್ಪನ ಆಜ್ಞೆ. ತಲೆ ತೆಗೆಯುವುದು ಅಪ್ಪನ ಹಠ, ಒಗಟು ಮಗಳ ಹಠ, ಸಾಯುವವರು ಮಾತ್ರ ಬೇರೆಯವರು ನೋಡಿ!

ಮುದ್ದಯ್ಯ ಹೋದಾಗ ಆನೆಲಾಯದಲ್ಲಿ ಕಾರಿನ ಮುಂದೆ ದಳವಾಯಿಯ ಮಗ ಮೀಸೆ ತಿರುವುತ್ತ ನಿಂತಿದ್ದ. ಅಮ್ಮಣ್ಣಿ ಕೇಳಿದಳು: "ಆನೆ ಎಳೆದರೂ ಬಾರದ್ದನ್ನು ಅದು ಬರುವಂತೆ ಮಾಡುತ್ತೆ. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಆತುರವೂ ಇಲ್ಲ. ಸೂಜಿ ತೂರದ ಸಂದಿಗೂ ನುಗ್ಗುತ್ತೆ. ಏನದು?"

"ನೀರು!"

"ನೀರು ನುಗ್ಗಿದರೆ ತುಕ್ಕು ಹಿಡಿದು ಇನ್ನಷ್ಟು ಕಚ್ಚುತ್ತೆ" ಎಂದಳು. ಭಟರು ಅವನ ರಟ್ಟೆ ಹಿಡಿದು ಸೆರೆಗೆ ಎಳೆದೊಯ್ದರು.

ಆಮೇಲೆ ಕಮ್ಮಾರ ಈರಾಚಾರಿ ಮುಂದೆ ಬಂದ. "ಎಣ್ಣೆ" ಎಂದ ನಿರಾಳವಾಗಿ. ಸರಿಯಿತ್ತು.

"ಇಬ್ಬರು ಅಪ್ಪಿಕೊಂಡು ಕೂತಿದ್ದಾರೆ. ಹೊರಗಿನವಳು ಒಳಗಿನವನನ್ನು ಬಿಡಬೇಕಾದರೆ ಯಾರಿಗೆ ಬಿಸಿ ಮುಟ್ಟಿಸಬೇಕು?"

"ಹೊರಗಿನವಳಿಗೆ. ಚಕ್ರದ ನಡುವಿನ ಗುಂಬ ಕಾಯಲಿ, ದಂಡ ತಣ್ಣಗಿರಲಿ." ಅದೂ ಸರಿ. ಜನ ಹೋ ಎಂದರು.

"ಚಕ್ರ ಬರುವ ತನಕ ಯಾವುದು ಇರಲೇಬೇಕು? ಅದಿಲ್ಲದವನಿಗೆ ಗೆದ್ದ ಗಳಿಗೆಯಲ್ಲೇ ಹಲ್ಲು ಉದುರುತ್ತೆ."

ಈರಾಚಾರಿ ನಕ್ಕ. "ಇದೇನು ಕೇಳೋ ಮಾತಾ ಅಮ್ಮಣ್ಣಿ? ಕೈಯಲ್ಲಿ ಸುತ್ತಿಗೆ!"

ಕಮ್ಮಾರನಿಗೆ ಇನ್ನೇನು ನೆನಪಾದೀತು? ಅವನನ್ನೂ ಎಳೆದೊಯ್ದರು. "ಇನ್ಯಾರು?" ಎಂದು ರಾಜ ಗುಡುಗಿದ. ಜನ ಹಿಂದೆ ಸರಿದರು, ಮುದ್ದಯ್ಯ ಒಬ್ಬನೇ ಮುಂದೆ ಉಳಿದ.

"ನಾನು ಬುದ್ದೀ" ಎಂದ.

"ಎರಡು ಉತ್ತರ ನೀನು ಕೇಳಿಸಿಕೊಂಡೆ. ಯಾಕೆ ಹಾಗೆ, ಅದನ್ನು ಹೇಳು" ಎಂದಳು ಅಮ್ಮಣ್ಣಿ.

"ಅಮ್ಮಣ್ಣಿ, ಕಾರಿನ ವಿಷಯ ನನಗೆ ಏನೇನೂ ಗೊತ್ತಿಲ್ಲ. ಬಾಣಂತಿಯರ ಕೈ ಬಾತಿರುತ್ತೆ, ಬಳೆ ಬರಲ್ಲ. ಎಳೆದರೆ ರಕ್ತ ಬರುತ್ತೆ. ಎಣ್ಣೆ ಸವರಿ ಸುಮ್ಮನೆ ಮಾತಾಡ್ತಾ ಕೂತ್ಕೋತೀವಿ, ಎಣ್ಣೆ ತಾನಾಗೇ ಒಳಗೆ ಇಳಿಯುತ್ತೆ. ಮಧ್ಯಾಹ್ನದ ಬಿಸಿಲಿಗೆ ಕೈ ಉಬ್ಬಿರುತ್ತೆ, ಆಗ ಬಿಚ್ಚೋಕೆ ಹೋಗಲ್ಲ. ಒಳಗಿನದು ಉಬ್ಬಿದರೆ ಬಿಗಿ, ಹೊರಗಿನದು ಉಬ್ಬಿದರೆ ಸಡಿಲ."

ಅವಳ ಮುಖ ಅರಳಿತು. "ಮೂರನೆಯದು?"

ಮುದ್ದಯ್ಯ ಚಕ್ರದ ಕಡೆ ಕೈ ತೋರಿಸಿದ. "ಕೈ ಮುಟ್ಟದೆ ನನಗೆ ಬುದ್ಧಿ ಓಡಲ್ಲ ತಾಯಿ. ಮುಟ್ಟಿ ಹೇಳ್ತೀನಿ."

ರಾಜ ಗೊಣಗಿದರೂ ಮಗಳು ಅಪ್ಪಣೆ ಕೊಡಿಸಿದಳು. ಸಂದಿಗೆ ಎಣ್ಣೆ ಬಿಟ್ಟು, ಅದು ಇಂಗಲೆಂದು ಬೆಳಗಿನ ತನಕ ಕಾದರು. ಬೆಳಗಾದರೆ ಅಮಾವಾಸ್ಯೆ. ಲಾಯದ ಮೂಲೆಯಲ್ಲಿ ಸರಪಳಿ ಹಾಕಿಸಿಕೊಂಡು ಕೂತಿದ್ದ ಕರಿಸಿದ್ದ ಭಾವಮೈದುನನನ್ನು ನೋಡಿ, "ಹುಚ್ಚಪ್ಪಾ, ಓಡಿಹೋಗೋ" ಎಂದು ಕಣ್ಣಲ್ಲೇ ಬೇಡಿಕೊಂಡ. ಮುದ್ದಯ್ಯ ಆ ಕಡೆ ತಿರುಗಲಿಲ್ಲ, ತಿರುಗಿದ್ದರೆ ಅತ್ತುಬಿಡುತ್ತಿದ್ದ.

ದೀಪದ ಉರಿಯಲ್ಲಿ ಗುಂಬ ಕಾಯಿಸಿ ಸ್ಪ್ಯಾನರ್ ಹಿಡಿದ. ಚಕ್ರವನ್ನು ದಂಡಕ್ಕೆ ಬಿಗಿದಿದ್ದ ನಡುವಿನ ನಟ್ಟು ಕಿರ್ ಎಂದು ಸಡಿಲವಾಯಿತು. ತಿರುವಿದ, ತಿರುವಿದ, ಇನ್ನೇನು ಕಳಚಿ ಕೈಗೆ ಬರಬೇಕು, ಬೆರಳು ತಾನಾಗಿ ನಿಂತಿತು.

"ಯಾಕೆ ನಿಲ್ಲಿಸಿದೆ?" ರಾಜ ಗದರಿದ. "ಪೂರ್ತಿ ತೆಗಿ!"

"ತೆಗೆಯಲ್ಲ ಬುದ್ದೀ. ಹಳೇ ಬಳೆ ತೆಗೆದು ಹೊಸದು ತೊಡಿಸುವಾಗ ಹಳೇದೊಂದನ್ನ ಕೈಯಲ್ಲೇ ಉಳಿಸ್ತೀವಿ. ಮುತ್ತೈದೆ ಕೈ ಬರಿದಾಗಬಾರದು. ನನ್ನ ಬೆರಳಿಗೆ ಅದೇ ಅಭ್ಯಾಸ." ಹೇಳುತ್ತಿದ್ದಂತೆ ಅವನಿಗೇ ಹೊಳೆಯಿತು. "ಅಮ್ಮಣ್ಣಿ, ಇದೇ ಅಲ್ಲವೇ ಮೂರನೆಯದು? ಕೊನೇ ಸುತ್ತಿನಲ್ಲಿ ಉಳಿದ ನಟ್ಟು!"

ಅವಳು ಎಳೆ ಎಂದು ಕೈಸನ್ನೆ ಮಾಡಿದಳು. ಮುದ್ದಯ್ಯ ಸೀಟಿನಲ್ಲಿ ಕೂತು ಮೊಣಕಾಲುಗಳನ್ನು ಚಕ್ರದ ಹಿಂದೆ ಒತ್ತಿ, ಅತ್ತಿತ್ತ ಅಲುಗಿಸುತ್ತ ಜಗ್ಗಿದ. ಬರಲಿಲ್ಲ. ತಲೆ ತೆಗೆಯಲು ಕಾದು ನಿಂತಿದ್ದ ಕೊತ್ವಾಲ ಕತ್ತಿಯ ಹಿಡಿಗೆ ಕೈ ಹಾಕಿದ. ಮುದ್ದಯ್ಯ ಇನ್ನೊಮ್ಮೆ ಜಗ್ಗಿದ. ಢಣ್! ಚಕ್ರ ಮುಖಕ್ಕೆ ಹಾರಿ ಬಂತು, ನಟ್ಟಿಗೆ ತಗುಲಿ ತುಟಿಯ ಮುಂದೆಯೇ ನಿಂತಿತು.

"ನಟ್ಟು ಇರದಿದ್ದರೆ ಹಲ್ಲು ಹೋಗುತ್ತಿತ್ತು" ಎಂದಳು ಅಮ್ಮಣ್ಣಿ. "ಉತ್ತರ ಅದೇ."

ರಾಜನ ಸಿಟ್ಟು ಇಳಿಯಿತು. "ಬೇಡಿಕೋ."

"ಭಾವನನ್ನು ಬಿಡಿ ಬುದ್ದೀ. ಉತ್ತರ ತಪ್ಪಿದ ಆ ಇಬ್ಬರನ್ನೂ ಬಿಡಿ. ಮದುವೆ ಬೇಡ, ಅಮ್ಮಣ್ಣಿಯವರಿಗೆ ಕಾರು ಮುಟ್ಟೋಕೆ ಅಪ್ಪಣೆ ಕೊಡಿ, ಸಾಕು."

ರಾಜ ಎಲ್ಲವನ್ನೂ ಕೊಟ್ಟ, ಮೇಲೆ ಕೆರೆ ಕೆಳಗಿನ ಗದ್ದೆಯನ್ನೂ ಕೊಟ್ಟ. ಭಾವ ಭಾವಮೈದುನ ಮನೆ ಮುಟ್ಟಿದಾಗ ಚಂದವ್ವ ಹೊಸಿಲಲ್ಲೇ ನಿಂತಿದ್ದಳು. ಗಂಡನನ್ನು ಒಮ್ಮೆ ನೋಡಿದಳು, ಅವನನ್ನು ದಾಟಿ ಬಂದು ತಮ್ಮನ ಬೆನ್ನಿಗೆ ದಬದಬ ಗುದ್ದಿದಳು.

"ಹೇಳದೆ ಹೋದೆಯೇನೋ ಪಾಪಿ! ಗಂಡನ್ನ ಕಳಕೊಳ್ತೀನಿ ಅಂತ ಗಟ್ಟಿ ಮನಸ್ಸು ಮಾಡಿ ಕೂತಿದ್ದೆ. ನೀನೂ ಹೋದೆ ಅಂತ ಗೊತ್ತಾದ ಮೇಲೆ ನನಗೆ ಉಸಿರೇ ಆಡಲಿಲ್ಲವಲ್ಲೋ!"

ಅರಮನೆಯಲ್ಲಿ ಅಳದ ಮುದ್ದಯ್ಯ, ಅಕ್ಕ ಗುದ್ದುತ್ತಿರುವಾಗಲೇ ಗೊಳೋ ಎಂದು ಅತ್ತುಬಿಟ್ಟ.