ಬಚ್ಚಿಟ್ಟರೆ ಸಿಗದ ಹಣ್ಣು

“ರಾಜಕುಮಾರಿ ಹೊನ್ನಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಜೊತೆಗೆ ಕೇಳಿದ ವರ. ತಪ್ಪಿದವನಿಗೆ ನೇಣು!” ಎಂದು ಹಿಮದ ಸೀಮೆಯಲ್ಲೆಲ್ಲ ಡಂಗುರ ಸಾರಿತು. ಒಗಟು ಮಗಳದು, ನೇಣು ಮಾತ್ರ ಅಪ್ಪ ವೀರಮಲ್ಲನದು. ಅವನ ಬಿಗಿ ಒಂದೆರಡಲ್ಲ. ಚಳಿಗಾಲಕ್ಕೆ ಬೇಕೆಂದು ಸೀಮೆಯ ಹಣ್ಣನ್ನೆಲ್ಲ ಹುಲ್ಲು ಹಾಸಿದ ಉಗ್ರಾಣಕ್ಕೆ ತುಂಬಿಸುತ್ತಿದ್ದ. ಬೆಳೆದವನು ಒಂದು ಕಚ್ಚಿದರೂ ದಂಡ.

ಹೊನ್ನಲೆ ಸಭೆಯಲ್ಲಿ ಕೇಳಿದಳು: “ಹಿಮ ಹೊದ್ದರೂ ಸಾಯದ ತಾಯಿಗೆ ಬೆರಳು ಒತ್ತಿದರೆ ಕಂದುವ ಮಗು, ಯಾವುದು? ಬಳಗವೆಲ್ಲ ಸುಗ್ಗಿಗೆ ಬಂದರೆ ಬೇಸಿಗೆಗೇ ಬಂದು ಹೋಗುವ ನೆಂಟ ಯಾರು? ಬಚ್ಚಿಟ್ಟವನಿಗೆ ಇಲ್ಲ, ಹಂಚಿದವನಿಗೆ ಉಂಟು, ಏನದು?”

ಒಬ್ಬ ಸಾಮಂತ ಮೀಸೆ ತಿರುವಿ, “ಭೂಮಿ, ಮೋಡ, ಪುಣ್ಯ” ಎಂದ. ನೇಣಿನ ದಿನ ಬರುವವರೆಗೆ ಸೆರೆಮನೆ ಸೇರಿದ. ಕುರುಬರ ಮಾಳಿಂಗ ಮಾತಿನ ಮಲ್ಲ. “ನದಿ, ಕೋಗಿಲೆ, ವಿದ್ಯೆ” ಎಂದು ಅವನೂ ಒಳಗೆ ಹೋದ.

ಮಾಳಿಂಗನ ತಮ್ಮ ಬೀರಣ್ಣನಿಗೆ ರಾಜಕುಮಾರಿಯೂ ಬೇಡ, ಸಿಂಹಾಸನವೂ ಬೇಡ. ಅಣ್ಣನ ಜೀವ ಉಳಿದರೆ ಸಾಕಿತ್ತು. ಅದಕ್ಕೇ ಸಭೆಗೆ ಬಂದ.

“ಮೂರಕ್ಕೂ ಒಂದೇ, ಅಮ್ಮಣ್ಣಿ. ಬೇಸಿಗೆ ಸೇಬು” ಎಂದು ಕಂಬಳಿಯ ಮಡಿಲಿಂದ ತಿಳಿಹಳದಿ ಹಣ್ಣೊಂದನ್ನು ತೆಗೆದ. “ಮರಕ್ಕೆ ಎಂಥ ಹಿಮ ಬಿದ್ದರೂ ಏನೂ ಆಗಾಕಿಲ್ಲ, ಹಣ್ಣು ಒತ್ತಿದ್ರೆ ಕಂದ್ತದೆ. ಬೇರೆ ಸೇಬು ಸುಗ್ಗಿಗೆ ಹಣ್ಣಾದ್ರೆ ಇದು ಬೇಸಿಗೆಗೇ ಮುಗೀತದೆ. ಇಟ್ರೆ ವಾರಕ್ಕೇ ಕೊಳೀತದೆ. ನಮ್ಮವ್ವ ಅದಕ್ಕೇ ಕದ್ದು ಕೇರಿಗೆಲ್ಲ ಹಂಚ್ತಿದ್ಳು. ದಂಡ ಹಾಕೋದಾದ್ರೆ ನಂಗೇ ಹಾಕಿ.”

ರಾಜ ನಂಬಲಿಲ್ಲ. ಉಗ್ರಾಣ ತೆರೆಸಿದ. ತೆರೆದವನೇ ಮೂಗು ಮುಚ್ಚಿಕೊಂಡ. ಬೇಸಿಗೆ ಸೇಬೆಲ್ಲ ಹುಲ್ಲಿನೊಳಗೇ ಕೊಳೆತು ಕೆಸರಾಗಿತ್ತು.

“ಪ್ರತಿ ವರ್ಷ ಹೇಳಿದೆ, ನೀವು ಕೇಳಲಿಲ್ಲ” ಎಂದಳು ಹೊನ್ನಲೆ. “ಒಗಟಾಗಿಯಾದರೂ ಕೇಳುವಿರಿ ಎಂದುಕೊಂಡೆ. ನೀವು ನೇಣು ಸೇರಿಸಿದಿರಿ. ಅಂದಿನಿಂದ ನನಗೆ ಅನ್ನ ಇಳಿದಿಲ್ಲ.”

ವೀರಮಲ್ಲ ತಲೆ ತಗ್ಗಿಸಿ, “ವರ ಕೇಳಪ್ಪ” ಎಂದ.

“ಸೆರೆಯಾಗಿರೋರ್ನ ಬಿಡಿ. ಬೇಸಿಗೆ ಸೇಬು ಬೆಳೆದೋರ ಮನೇಲೇ ಇರ್ಲಿ.”

“ನನ್ನ ಕೈ?” ಎಂದಳು ಹೊನ್ನಲೆ.

“ಮೊದ್ಲು ಅಣ್ಣನ ಕೊರಳು, ಅಮ್ಮಣ್ಣಿ.”

ಅವಳು ಎಷ್ಟೋ ದಿನಗಳ ಮೇಲೆ ನಕ್ಕಳು. ಮುಂದಿನ ಬೇಸಿಗೆಗೆ ಮದುವೆಯಾಯಿತು, ಊಟಕ್ಕೆ ಸೇಬೇ ಸಿಹಿ. ಆದರೆ ಒಗಟು ಬಿಡಿಸಿದ ದಿನ ಮಾಳಿಂಗ ಸೆರೆಯಿಂದ ಹೊರಬಂದಾಗ ಬೀರಣ್ಣ ಮೊದಲು ಅಣ್ಣನ ಕೊರಳು ಸವರಿ ನೋಡಿದ, ಆಮೇಲೆ ಹಣ್ಣು ಕೈಗಿಟ್ಟ.

“ಮನೆಗೆ ಹೋಗಿ ತಿಂತೀನಿ” ಎಂದ ಮಾಳಿಂಗ.

“ಈಗ್ಲೇ ತಿನ್ನಣ್ಣ” ಎಂದ ಬೀರಣ್ಣ. “ಇದು ಇಡೋ ಹಣ್ಣಲ್ಲ.”